ಟೆಂಡರ್ ಹೊತ್ತಿಗೆ ಸ್ಟೋರೇಜ್ ಕುಂಟುತ್ತದೆ: ಹೊಸ ಫ್ಲ್ಯಾಶ್ ಕೊಳ್ಳಬೇಕೋ, ಇದ್ದದ್ದನ್ನೇ ಸರಿಯಾಗಿ ಹಂಚಬೇಕೋ?

ಯಾರ್ಡ್‌ಗೇಟ್, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಸರ್ವರ್, ಸ್ಟೋರೇಜ್ ನೋಡಿಕೊಳ್ಳುವ ಕೆಲಸ ನನ್ನದು. ಆಡಳಿತ ಮಂಡಳಿಯ ಮುಂದೆ ಒಂದು ಖರೀದಿಯ ವಿಷಯ ಇಡಬೇಕಾಗಿದೆ. ಅದಕ್ಕೆ ಮೊದಲು ನಿಮ್ಮ ಸಲಹೆ ಬೇಕು.

ಅಡಿಕೆ ಸೀಸನ್ನಿನಲ್ಲಿ ಮಧ್ಯಾಹ್ನ ಟೆಂಡರ್ ಮುಗಿದ ಕೂಡಲೇ ಪಟ್ಟಿ ತಯಾರಾಗಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಪ್ರತಿ ಲಾಟಿಗೂ ದರ ಏರಿಸಬೇಕು. ತೂಕಕ್ಕೆ ಗುಣಿಸಬೇಕು. ಸಾಲದ ಬಾಬ್ತು ಕಳೆದು ಉಳಿದದ್ದು ಸದಸ್ಯರ ಖಾತೆಗೆ ಹೋಗಬೇಕು. ಎಲ್ಲದಕ್ಕೂ ಒಂದೇ ಡೇಟಾಬೇಸ್. ಬೆಳಿಗ್ಗೆ ಅದು ಚುರುಕಾಗಿಯೇ ಇರುತ್ತದೆ. ಟೆಂಡರ್ ಹೊತ್ತಿಗೆ ಮಾತ್ರ ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ. ಹುಲೇಕಲ್, ಬನವಾಸಿ ಕಡೆಯ ಬಸ್ಸು ಹಿಡಿಯಬೇಕಾದ ವಯಸ್ಸಾದವರು ಕೌಂಟರಿನ ಎದುರು ಪಟ್ಟಿಗಾಗಿ ನಿಂತಿರುತ್ತಾರೆ. ಅದನ್ನು ನೋಡೋದೇ ಕಷ್ಟ.

ನಮ್ಮಲ್ಲಿರುವುದು ಎರಡು ಕಂಟ್ರೋಲರಿನ ಒಂದು ಸ್ಟೋರೇಜ್ ಅರೇ, ಅಂದರೆ ಹಲವು ಡಿಸ್ಕುಗಳನ್ನು ಒಟ್ಟಿಗೆ ನಡೆಸುವ ಪೆಟ್ಟಿಗೆ; ಕಂಟ್ರೋಲರ್ ಅದರ ಮಿದುಳು. 10,000 ಆರ್‌ಪಿಎಂನ 1.2 ಟಿಬಿ ಡಿಸ್ಕು 24, ಅದರಲ್ಲಿ 2 ಸ್ಪೇರ್. ಉಳಿದ 22 ಸೇರಿ ಒಂದೇ ಪೂಲ್, ರೇಡ್ 6 (ಎರಡು ಡಿಸ್ಕು ಕೆಟ್ಟರೂ ಡೇಟಾ ಉಳಿಯುವ ಜೋಡಣೆ). 800 ಜಿಬಿಯ ನಾಲ್ಕು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಫ್ಲ್ಯಾಶ್ ಡಿಸ್ಕು) ಇವೆ, ಅವು ರೀಡ್ ಕ್ಯಾಶ್‌ಗೆ, ಅಂದರೆ ಪದೇ ಪದೇ ಓದುವುದನ್ನು ಹತ್ತಿರ ಇಟ್ಟುಕೊಳ್ಳಲು. ಮೂರು ಇಎಸ್‌ಎಕ್ಸ್‌ಐ ಹೋಸ್ಟ್ (ವರ್ಚುವಲ್ ಸರ್ವರುಗಳನ್ನು ಓಡಿಸುವ ಯಂತ್ರ), ಅವಕ್ಕೂ ಅರೇಗೂ ನಡುವೆ 10 ಗಿಗಾಬಿಟ್ ಐಸ್ಕಸಿ, ಅಂದರೆ ನೆಟ್‌ವರ್ಕ್ ಮೂಲಕ ಡಿಸ್ಕು ಬಳಸುವ ದಾರಿ. ಸರ್ವರಿನ ಸಿಪಿಯು, ಮೆಮೊರಿ ಎರಡೂ ಆರಾಮವಾಗಿವೆ.

ಮಾರಿದವರು "ಡಿಸ್ಕಿನ ಕಾಲ ಮುಗೀತು, ಪೂರ್ತಿ ಫ್ಲ್ಯಾಶ್‌ಗೆ ಹೋಗಿ" ಎನ್ನುತ್ತಾರೆ. ಖರ್ಚಾಗುವುದು ಸದಸ್ಯರ ದುಡ್ಡು. ಹಾಗಾಗಿ ಕಾರಣ ಗೊತ್ತಾಗದೆ ಸಹಿ ಹಾಕಿಸಲು ನನಗೆ ಮನಸ್ಸಿಲ್ಲ.

ಅಂಕೋಲೆಯವ, ಸದ್ಯ ಬೆಂಗಳೂರು

ನಾನು ಸ್ಟೋರೇಜ್ ಮಾರುವ ಕಡೆಯೇ ಕೆಲಸ ಮಾಡುವವನು. ಅದನ್ನು ತಿಳಿದುಕೊಂಡೇ ಓದಿ.

ಫ್ಲ್ಯಾಶ್ ಎನ್ನುವುದರಲ್ಲಿ ಹುರುಳಿದೆ. 10,000 ಆರ್‌ಪಿಎಂ ಡಿಸ್ಕು ಒಂದು ಸುತ್ತು ಬರಲು 6 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 3. ಹೆಡ್ ಸರಿಯಲು ಇನ್ನೊಂದು 4. ಒಟ್ಟು 7 ಮಿಲಿಸೆಕೆಂಡ್. ಹಾಗಾಗಿ ಒಂದು ಡಿಸ್ಕಿನಿಂದ ಸೆಕೆಂಡಿಗೆ 130–140ಕ್ಕಿಂತ ಜಾಸ್ತಿ ರ‍್ಯಾಂಡಮ್ ಐಒ (ಅಲ್ಲಲ್ಲಿ ಚದುರಿದ ಓದು, ಬರಹ) ನಿರೀಕ್ಷಿಸಬಾರದು. ಎಸ್‌ಎಸ್‌ಡಿಯಲ್ಲಿ ಅದೇ ಓದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಯಾವ ಟ್ಯೂನಿಂಗೂ ಈ ಅಂತರವನ್ನು ತುಂಬುವುದಿಲ್ಲ.

ಕಾಳಿದಂಡೆ, ಕಾರವಾರ

ಅಂಕೋಲೆಯವರು ಹೇಳಿದ್ದು ಸರಿ. ಆದರೆ ಈ ಅರೇ ಬೆಳಿಗ್ಗೆ ಚುರುಕಾಗಿದೆ, ಮಧ್ಯಾಹ್ನ ಕುಂಟುತ್ತದೆ. ಡಿಸ್ಕು ಎರಡೂ ಹೊತ್ತು ಅವೇ ಅಲ್ವಾ? ಮಧ್ಯಾಹ್ನ ಅವುಗಳ ಮೇಲೆ ಏನು ಬೀಳುತ್ತಿದೆ ಅಂತ ಮೊದಲು ನೋಡೋಣ.

ಯಾರ್ಡ್‌ಗೇಟ್ ಅವರೇ, ದಿನದ ಸರಾಸರಿ ಹಾಕಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಟೆಂಡರ್ ಹೊತ್ತಿನ ನಿಮಿಷ ನಿಮಿಷದ ಅಂಕಿ ತೆಗೆಯಿರಿ. ಓದು ಎಷ್ಟು, ಬರಹ ಎಷ್ಟು, ಯಾವ ವಾಲ್ಯೂಮಿನದು (ಪೂಲಿನಿಂದ ಕತ್ತರಿಸಿ ಕೊಟ್ಟ ಭಾಗ) ಎಷ್ಟು, ಬ್ಲಾಕ್ ಗಾತ್ರ ಎಷ್ಟು ಅಂತ ನೋಡಿ. ಎರಡೂ ಕಂಟ್ರೋಲರಿನ ಸಿಪಿಯು ಬೇಕು. ಡಿಸ್ಕಿಗೆ ಇಳಿಯದೆ ರೈಟ್ ಕ್ಯಾಶ್‌ನಲ್ಲಿ (ಬರಹ ಮೊದಲು ಬಂದು ನಿಲ್ಲುವ ಮೆಮೊರಿ) ಉಳಿದಿರುವುದು ಎಷ್ಟು ಶೇಕಡಾ ಅನ್ನೋದೂ ಬೇಕು. ಹೋಸ್ಟ್ ಕಡೆ ಇಎಸ್‌ಎಕ್ಸ್‌ಟಾಪ್ ಎಂಬ ಅಳೆಯುವ ಸಾಧನ ತೆರೆದು ಡಿಎವಿಜಿ, ಕೆಎವಿಜಿ ಎರಡನ್ನೂ ಬರೆದುಕೊಳ್ಳಿ. ಡಿಎವಿಜಿ ಎಂದರೆ ಅರೇ ಮತ್ತು ದಾರಿಯಲ್ಲಿ ಆಗುವ ತಡ. ಕೆಎವಿಜಿ ಎಂದರೆ ಹೋಸ್ಟಿನ ಒಳಗೇ ಸರದಿಯಲ್ಲಿ ಕಾಯುವ ಹೊತ್ತು. ಅದು ಸಾಮಾನ್ಯವಾಗಿ ಸೊನ್ನೆಯ ಹತ್ತಿರ ಇರಬೇಕು. 2 ಮಿಲಿಸೆಕೆಂಡ್ ದಾಟಿದರೆ ಹೋಸ್ಟಿನ ಕ್ಯೂ ತುಂಬಿದೆ ಅಂತ ಅರ್ಥ.

ಇನ್ನೊಂದು ವಿಷಯ. ಆ ಅರೇ ಮೇಲೆ ಬೇರೆ ಏನೇನು ಕೂತಿದೆ ಅಂತ ಪೂರ್ತಿ ಪಟ್ಟಿ ಕೊಡಿ. ಡೇಟಾಬೇಸ್ ಒಂದೇ ಅಲ್ಲ ತಾನೇ?

ಯಾರ್ಡ್‌ಗೇಟ್, ಶಿರಸಿ

ನಿನ್ನೆಯ ಟೆಂಡರ್ ಹೊತ್ತಿನ ಲೆಕ್ಕ ಇದು. ಒಟ್ಟು ಸೆಕೆಂಡಿಗೆ ಸುಮಾರು 1,000 ಐಒ. ಓದು 400, ಬರಹ 600. ಡೇಟಾಬೇಸ್ ವಾಲ್ಯೂಮಿನ ಡಿಎವಿಜಿ 45 ಮಿಲಿಸೆಕೆಂಡ್, ಕೆಎವಿಜಿ 6. ಕಂಟ್ರೋಲರ್ ಎ 85 ಶೇಕಡಾ, ಬಿ ಬರೀ 10. ರೈಟ್ ಕ್ಯಾಶ್ 80 ಶೇಕಡಾ ತುಂಬಿದೆ. ಅದು ಇಳಿಯುವುದೇ ಇಲ್ಲ.

ಮೇಲೆ ಕೂತಿರುವುದು ಇಷ್ಟು: ಡೇಟಾಬೇಸ್ 700 ಜಿಬಿ, ಫೈಲ್ ಸರ್ವರ್ 3 ಟಿಬಿ, ಬ್ಯಾಕಪ್ 4 ಟಿಬಿ, ಸಿಸಿಟಿವಿ ರೆಕಾರ್ಡಿಂಗ್ 9 ಟಿಬಿ. ಗೋದಾಮು, ಯಾರ್ಡು, ಕೌಂಟರ್ ಸೇರಿ 40 ಕ್ಯಾಮೆರಾ. ಪ್ರತಿಯೊಂದೂ 2 ಮೆಗಾಬಿಟ್. ಅದು ದಿನವಿಡೀ ಸೆಕೆಂಡಿಗೆ 160 ಬರಹ, 64 ಕೆಬಿಯ ತುಂಡುಗಳು. ಒಟ್ಟು 10 ಎಂಬಿ ಅಷ್ಟೇ ಆದ್ದರಿಂದ ನಾವು ಯಾರೂ ಅದರ ಕಡೆ ನೋಡಿರಲಿಲ್ಲ.

ಹೊನ್ನಾವರದವ

ಕೆಎವಿಜಿ 6 ಇದೆ ಅಂದ್ರೆ ಕ್ಯೂ ಡೆಪ್ತ್ (ಹೋಸ್ಟ್ ಒಮ್ಮೆಗೆ ಅರೇಗೆ ಕಳಿಸಬಹುದಾದ ಐಒ ಸಂಖ್ಯೆ) ಸಾಲ್ತಾ ಇಲ್ಲ. 32 ಇದ್ದರೆ 128 ಮಾಡಿ ನೋಡಿ. ಅರೇಗೆ ಇರುವ ಹಲವು ದಾರಿಗಳನ್ನು ಸರದಿಯಂತೆ ಬಳಸುವ ಮಲ್ಟಿಪಾಥ್ ರೌಂಡ್ ರಾಬಿನ್‌ನಲ್ಲಿ 1,000 ಐಒಗೊಮ್ಮೆ ದಾರಿ ಬದಲಾಗುವುದನ್ನು 1ಕ್ಕೆ ಇಳಿಸಿ. ನಮ್ಮಲ್ಲಿ ಇವೆರಡರಿಂದಲೇ ಒಳ್ಳೆ ಫಲ ಸಿಕ್ಕಿತು.

ಅಘನಾಶಿನಿ, ಕುಮಟಾ

ಹೊನ್ನಾವರದ ಅಣ್ಣ, ರೌಂಡ್ ರಾಬಿನ್ ಬದಲಾವಣೆ ಸರಿ. ಅರೇ ತಯಾರಕರು ಒಪ್ಪುತ್ತಾರಾ ಅಂತ ಒಮ್ಮೆ ನೋಡಿಕೊಂಡರೆ ಸಾಕು. ಆದರೆ ಈ ಕೇಸಿನಲ್ಲಿ ಕ್ಯೂ ಡೆಪ್ತ್ ಏರಿಸಬೇಡಿ. ಲೆಕ್ಕ ಹಾಕಿ ತೋರಿಸುತ್ತೇನೆ.

ಸರದಿಯ ಬಗ್ಗೆ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ನಿಯಮ ಇದೆ. ಒಳಗೆ ಇರುವ ಕೆಲಸಗಳ ಸಂಖ್ಯೆ ಎಂದರೆ ಸೆಕೆಂಡಿಗೆ ಮುಗಿಯುವ ಕೆಲಸ ಗುಣಿಲೆ ಪ್ರತಿ ಕೆಲಸಕ್ಕೆ ಹಿಡಿಯುವ ಹೊತ್ತು. ಇವರ ವಾಲ್ಯೂಮಿನಲ್ಲಿ ಒಳಗೆ 32 ಇವೆ, ಹೊತ್ತು 0.045 ಸೆಕೆಂಡ್. ಭಾಗಿಸಿದರೆ 711. ಆ ಡಿಸ್ಕುಗಳು ಈ ವಾಲ್ಯೂಮಿಗೆ ಸದ್ಯ ಕೊಡುತ್ತಿರುವುದು ಅಷ್ಟೇ. ಈಗ ಒಳಗೆ 128 ಬಿಟ್ಟರೆ? ಡಿಸ್ಕಿನ ಶಕ್ತಿ ಏರಲಿಲ್ಲ, ಅದೇ 711. ಆಗ 128 ಭಾಗಿಲೆ 711, ಅಂದರೆ 180 ಮಿಲಿಸೆಕೆಂಡ್! ಯಾರ್ಡಿನಲ್ಲಿ ತೂಕದ ಕಾಟಾ ಒಂದೇ ಇದ್ದು, ಗೇಟಿನ ಒಳಗೆ ನಾಲ್ಕು ಪಟ್ಟು ಚೀಲ ತಂದು ನಿಲ್ಲಿಸಿದ ಹಾಗೆ. ಕೆಎವಿಜಿ ಸೊನ್ನೆಯಾಗಿ ಕಾಣುತ್ತದೆ. ಡಿಎವಿಜಿ ಆಕಾಶಕ್ಕೆ ಹೋಗುತ್ತದೆ.

ಡಿಸ್ಕು ಬಿಡುವಾಗಿದ್ದು ಕ್ಯೂ ಚಿಕ್ಕದಾಗಿದ್ದರೆ ಮಾತ್ರ ಏರಿಸಿ ಪ್ರಯೋಜನ. ನಿಮ್ಮಲ್ಲಿ ಬಹುಶಃ ಹಾಗಿತ್ತು. ಕ್ಯೂ ಬೆನ್ನಿಗೆ ಎಸ್‌ಎಸ್‌ಡಿ ಇದ್ದಿರಬೇಕು.

ಹೊನ್ನಾವರದವ

ಹೌದು, ನಮ್ಮದು ಪೂರ್ತಿ ಎಸ್‌ಎಸ್‌ಡಿ. ಒಪ್ಪಿದೆ ಅಕ್ಕ.

ಕಾಳಿದಂಡೆ, ಕಾರವಾರ

ಯಾರ್ಡ್‌ಗೇಟ್, ನಿಮ್ಮ ಅಂಕಿ ನೋಡಿದ ಮೇಲೆ ಚಿತ್ರ ತಿಳಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ 22 ಡಿಸ್ಕು, ತಲಾ 130 ಅಂತ ಹಿಡಿದರೆ ಸೆಕೆಂಡಿಗೆ 2,860 ಐಒ. ಪೂಲಿನ ಒಟ್ಟು ಶಕ್ತಿ ಅದು. ಹೋಸ್ಟಿನಿಂದ ಬರುವುದು ಬರೀ 1,000. ಮೇಲ್ನೋಟಕ್ಕೆ ಮೂರರಲ್ಲಿ ಸುಮಾರು ಎರಡು ಪಾಲು ಬಿಡುವು ಇದೆ ಅನ್ನಿಸುತ್ತದೆ. ಆದರೆ ರೇಡ್ 6ರಲ್ಲಿ ಒಂದು ಸಣ್ಣ ಬರಹ ಒಂದಾಗಿ ಉಳಿಯುವುದಿಲ್ಲ. ಹಳೆ ಡೇಟಾ ಓದಬೇಕು, ಎರಡು ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಕಟ್ಟಲು ಇಡುವ ಲೆಕ್ಕ) ಓದಬೇಕು, ಮತ್ತೆ ಮೂರನ್ನೂ ಬರೆಯಬೇಕು. ಒಟ್ಟು 6. ಒಂದೇ ಪ್ಯಾರಿಟಿಯ ರೇಡ್ 5ರಲ್ಲಿ 4, ಎರಡು ಪ್ರತಿ ಇಡುವ ರೇಡ್ 10ರಲ್ಲಿ 2.

ಕ್ಯಾಮೆರಾ ಬಿಟ್ಟು ಉಳಿದ ಕೆಲಸ ಮೊದಲು. ಓದು 400. ಬರಹ 440, ಅದು 6 ಪಟ್ಟಾದರೆ 2,640. ಕೂಡಿಸಿದರೆ 3,040. ಶಕ್ತಿಗಿಂತ ಸ್ವಲ್ಪ ಜಾಸ್ತಿ. ಆದರೆ ಟೆಂಡರಿನ ಭರಾಟೆ ಹೆಚ್ಚು ಹೊತ್ತು ಇರುವುದಿಲ್ಲ. ರೈಟ್ ಕ್ಯಾಶ್ ಇರುವುದೇ ಅಂಥ ಹೊತ್ತಿಗೆ. ಅದು ಖಾಲಿ ಇದ್ದರೆ ಇದನ್ನು ನುಂಗಿಕೊಳ್ಳುತ್ತಿತ್ತು.

ಈಗ ಕ್ಯಾಮೆರಾ. 160 ಬರಹ, 6 ಪಟ್ಟು ಅಂದರೆ 960. ಇದೇ ಪೂಲಿನ ಮೂರನೇ ಒಂದು ಪಾಲು. ಕ್ಯಾಶ್ ಅಕ್ಕಪಕ್ಕದ ತುಂಡುಗಳನ್ನು ಸೇರಿಸಿ ಪೂರ್ತಿ ಸ್ಟ್ರೈಪ್ (ಎಲ್ಲ ಡಿಸ್ಕಿನ ಮೇಲೆ ಹರಡಿದ ಒಂದು ಸಾಲು) ಬರೆದರೆ ಇದು ಕಡಿಮೆಯಾಗುತ್ತದೆ. ಆದರೆ 40 ಕಡೆಯಿಂದ ಬೆರೆತು ಬರುವಾಗ ಅದು ಸುಲಭವಿಲ್ಲ. ಇಷ್ಟಾದರೂ ಕ್ಯಾಶ್ ಯಾವಾಗಲೂ 80 ಶೇಕಡಾ ಇರಬಾರದಿತ್ತು. ಅದಕ್ಕೇ ನನಗೊಂದು ಸಂಶಯ. ಕ್ಯಾಮೆರಾ ವಾಲ್ಯೂಮಿನ ಮೇಲೆ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಇದೆಯಾ? ನಿಮ್ಮ ಅರೇಯಲ್ಲಿ ಸ್ನ್ಯಾಪ್‌ಶಾಟ್ ಕಾಪಿ ಆನ್ ರೈಟ್ ವಿಧಾನದ್ದಾ?

ಯಾರ್ಡ್‌ಗೇಟ್, ಶಿರಸಿ

ಎರಡಕ್ಕೂ ಹೌದು. ಅಳವಡಿಸಿದವರು ಎಲ್ಲ ವಾಲ್ಯೂಮಿಗೂ ಒಂದೇ ಪಾಲಿಸಿ ಹಾಕಿಟ್ಟಿದ್ದಾರೆ. ಗಂಟೆಗೊಂದು ಸ್ನ್ಯಾಪ್‌ಶಾಟ್, 24 ಇಟ್ಟುಕೊಳ್ಳುವುದು. ಕ್ಯಾಮೆರಾಕ್ಕೂ ಅದೇ ಇದೆ.

ಕಾಳಿದಂಡೆ, ಕಾರವಾರ

ಹಾಗಾದರೆ ಸಿಕ್ಕಿತು.

ಕಾಪಿ ಆನ್ ರೈಟ್‌ನಲ್ಲಿ, ಸ್ನ್ಯಾಪ್‌ಶಾಟ್ ಆದ ನಂತರ ಒಂದು ಜಾಗದ ಮೇಲೆ ಮೊದಲ ಸಲ ಬರೆಯುವಾಗ ಅಲ್ಲಿದ್ದ ಹಳೆಯದನ್ನು ಓದಿ, ಪಕ್ಕಕ್ಕೆ ಬರೆದಿಟ್ಟು, ಆಮೇಲೆ ಹೊಸದನ್ನು ಬರೆಯಬೇಕು. ಓದು 1, ಪಕ್ಕಕ್ಕೆ ಇಡುವ ಬರಹ 6, ಹೊಸ ಬರಹ 6. ಒಟ್ಟು 13.

ಡೇಟಾಬೇಸಿನಲ್ಲಿ ಒಂದೇ ಬ್ಲಾಕಿನ ಮೇಲೆ ಮತ್ತೆ ಮತ್ತೆ ಬರೆಯುತ್ತೇವೆ. ಗಂಟೆಯಲ್ಲಿ ಮೊದಲ ಸಲಕ್ಕೆ ಮಾತ್ರ ಈ ದಂಡ, ಆಮೇಲೆ ಇಲ್ಲ. ಕ್ಯಾಮೆರಾ ಹಾಗಲ್ಲ. 9 ಟಿಬಿ ತುಂಬಿದ ಮೇಲೆ ಹಳೆಯದರ ಮೇಲೆ ಬರೆಯುತ್ತಾ ಮುಂದೆ ಮುಂದೆ ಹೋಗುತ್ತದೆ. ಸೆಕೆಂಡಿಗೆ 10 ಎಂಬಿ ಎಂದರೆ ದಿನಕ್ಕೆ 864 ಜಿಬಿ. ಹತ್ತು ದಿನಕ್ಕೊಮ್ಮೆ ಸುತ್ತು ಮುಗಿಯುತ್ತದೆ. ಹಾಗಾಗಿ ಅದರ ಪ್ರತಿಯೊಂದು ಬರಹವೂ ಆ ಜಾಗಕ್ಕೆ ಮೊದಲ ಬರಹವೇ. ಪ್ರತಿಯೊಂದಕ್ಕೂ 13. ಅಂದರೆ 160 ಗುಣಿಲೆ 13, 2,080.

ಪೂಲಿನ ಒಟ್ಟು ಶಕ್ತಿ 2,860. ಅದರಲ್ಲಿ 2,080ನ್ನು ಹಗಲೂ ರಾತ್ರಿ ಕ್ಯಾಮೆರಾ ತಿನ್ನುತ್ತಿದೆ. ಬೆಳಿಗ್ಗೆ ಉಳಿದ 780ರಲ್ಲಿ ಕೆಲಸ ಹೇಗೋ ನಡೆಯುತ್ತದೆ. ಟೆಂಡರ್ ಹೊತ್ತಿಗೆ 3,040 ಬೇಕಾಗುತ್ತದೆ. ಅಷ್ಟು ಹೊತ್ತಿಗೆ ಕ್ಯಾಶ್ ಕೂಡ ತುಂಬಿ ಕೂತಿದೆ. ಕ್ಯಾಶ್ ತುಂಬಿದ ಮೇಲೆ ಅರೇ ಹೊಸ ಬರಹವನ್ನು ತಡೆದು ನಿಲ್ಲಿಸುತ್ತದೆ. ಡಿಸ್ಕಿಗೆ ಹಳೆಯದು ಇಳಿದಷ್ಟೇ ಹೊಸದಕ್ಕೆ ಜಾಗ. ನಿಮ್ಮ 45 ಮಿಲಿಸೆಕೆಂಡ್ ಅಲ್ಲಿಂದ ಬಂದಿದೆ. ನಾಲ್ಕು ಎಸ್‌ಎಸ್‌ಡಿ ಇದ್ದೂ ಏನೂ ಸಹಾಯವಾಗಲಿಲ್ಲ. ಯಾಕೆಂದರೆ ಅವು ರೀಡ್ ಕ್ಯಾಶ್. ತೊಂದರೆ ಇರುವುದು ಬರಹದಲ್ಲಿ.

ನಾನು ಈ ಕೆಲಸದಲ್ಲಿ ಮತ್ತೆ ಮತ್ತೆ ನೋಡುವುದು ಇದನ್ನೇ. ಯಾರು ಕಾಯಬಹುದು, ಯಾರು ಕಾಯಬಾರದು ಎಂದು ಮನುಷ್ಯರು ತೀರ್ಮಾನಿಸದಿದ್ದರೆ ಅರೇ ಎಲ್ಲರನ್ನೂ ಒಂದೇ ಸಮ ನೋಡುತ್ತದೆ. ಗೋದಾಮಿನ ಗೋಡೆ ನೋಡುತ್ತಿರುವ ಕ್ಯಾಮೆರಾ ಮತ್ತು ಪಟ್ಟಿಗಾಗಿ ನಿಂತ ಸದಸ್ಯ ಅದಕ್ಕೆ ಸಮಾನ. ರೆಕಾರ್ಡರಿನ ಬರಹ 200 ಮಿಲಿಸೆಕೆಂಡ್ ಕಾದರೂ ಅದರ ಬಫರ್ ಸಾಕಾಗುತ್ತದೆ. ಡೇಟಾಬೇಸಿನ ಲಾಗ್ ಬರಹ ಕಾದರೆ ಪ್ರತಿ ಕಮಿಟ್ಟೂ (ವ್ಯವಹಾರ ಖಾಯಂ ಆಗುವುದು) ಕಾಯುತ್ತದೆ.

ಯಲ್ಲಾಪುರ_ಹೊಸಬ

ಒಂದು ಚಿಕ್ಕ ಪ್ರಶ್ನೆ. ಕಂಟ್ರೋಲರ್ ಎ 85, ಬಿ 10 ಇದೆಯಲ್ಲ. ಅರ್ಧ ವಾಲ್ಯೂಮುಗಳನ್ನು ಬಿಗೆ ಕಳಿಸಿದರೆ ಎರಡೂ 48ರ ಹತ್ತಿರ ಬರುತ್ತವೆ. ಅಷ್ಟಕ್ಕೇ ಸರಿಹೋಗುವುದಿಲ್ಲವೇ?

ಕಾಳಿದಂಡೆ, ಕಾರವಾರ

ಒಳ್ಳೆ ಪ್ರಶ್ನೆ ತಮಾ. ಮಾಡಲೇಬೇಕಾದ ಕೆಲಸ ಅದು. ಆದರೆ ಅಷ್ಟಕ್ಕೆ ನಿಂತರೆ ಅಪಾಯ.

ಎರಡು ಕಂಟ್ರೋಲರ್ ಕೊಡುವುದು ಒಂದು ಕೆಟ್ಟರೂ ಇನ್ನೊಂದು ಎಳೆಯಲಿ ಎಂದು. ಆದ್ದರಿಂದ ನೋಡಬೇಕಾದದ್ದು ಎರಡರ ಮೊತ್ತ. 85 ಮತ್ತು 10 ಕೂಡಿದರೆ 95. ಹಂಚಿ 48, 47 ಮಾಡಿದರೂ ಮೊತ್ತ 95. ಸ್ಕ್ರೀನಿನ ಮೇಲೆ ಎರಡೂ ಹಸಿರಾಗಿ ಚೆಂದ ಕಾಣುತ್ತವೆ. ಒಂದು ದಿನ ಬಿ ರೀಸ್ಟಾರ್ಟ್ ಆದರೆ, ಫರ್ಮ್‌ವೇರ್ ಏರಿಸುವಾಗಲಾದರೂ ಆಗಿಯೇ ಆಗುತ್ತದೆ, ಎ ಮೇಲೆ 95 ಬೀಳುತ್ತದೆ. ಜೊತೆಗೆ ಇನ್ನೊಂದು ಪೆಟ್ಟು. ಎರಡೂ ಇರುವಾಗ ಪ್ರತಿ ಬರಹದ ಪ್ರತಿ ಇನ್ನೊಂದರ ಕ್ಯಾಶ್‌ನಲ್ಲೂ ಇರುತ್ತದೆ. ಒಂದೇ ಉಳಿದಾಗ ಆ ರಕ್ಷಣೆ ಇಲ್ಲ. ಆಗ ಅನೇಕ ಅರೇಗಳು ರೈಟ್ ಕ್ಯಾಶ್ ನಿಲ್ಲಿಸಿ ನೇರವಾಗಿ ಡಿಸ್ಕಿಗೆ ಬರೆಯುತ್ತವೆ. ಅಂದರೆ ಅತ್ಯಂತ ಕಷ್ಟದ ಹೊತ್ತಿಗೇ ಅರೇ ಅತ್ಯಂತ ನಿಧಾನ.

ನನ್ನ ಮಟ್ಟಿಗೆ ಮೊತ್ತ 70 ದಾಟಿದರೆ ಹೊಸ ವಾಲ್ಯೂಮ್ ಕೊಡಬಾರದು. ಸಂಘದವರು "ಇನ್ನೂ ಅರ್ಧ ಖಾಲಿ ಇದೆಯಲ್ಲ" ಎಂದು ಕೇಳುತ್ತಾರೆ. ಆ ಅರ್ಧ ಇನ್ನೊಂದು ಕಂಟ್ರೋಲರಿನ ಪಾಲು ಎಂದು ಬರೆದು ಕೊಡಿ. ಕೆಲಸವನ್ನೇ ಕಡಿಮೆ ಮಾಡದೆ ಈ ಮೊತ್ತ ಇಳಿಯುವುದಿಲ್ಲ.

ಅಂಕೋಲೆಯವ, ಸದ್ಯ ಬೆಂಗಳೂರು

ಕಾಳಿದಂಡೆಯವರ ಲೆಕ್ಕ ಓದಿದೆ. ಖರೀದಿಯ ಮಾತು ಸದ್ಯಕ್ಕೆ ಬೇಡ ಅಂತ ನಾನೂ ಹೇಳುತ್ತೇನೆ. ಫ್ಲ್ಯಾಶ್ ತಂದಿದ್ದರೆ ಸಮಸ್ಯೆ ಮಾಯವಾಗುತ್ತಿತ್ತು ನಿಜ. ಆದರೆ ದುಬಾರಿ ಫ್ಲ್ಯಾಶ್ ಮೇಲೆ ದಿನಕ್ಕೆ 864 ಜಿಬಿ ವಿಡಿಯೊ, ಅದರ ಮೇಲೆ ಸ್ನ್ಯಾಪ್‌ಶಾಟ್ ಪ್ರತಿ ಬೇರೆ. ವಿಡಿಯೊ ಮೊದಲೇ ಕುಗ್ಗಿಸಿದ ಡೇಟಾ. ಕಂಪ್ರೆಷನ್, ಡಿಡುಪ್ಲಿಕೇಷನ್ (ಒಂದೇ ಡೇಟಾದ ಪ್ರತಿಗಳನ್ನು ಒಂದಾಗಿಸುವುದು) ಎರಡೂ ಅದರ ಮೇಲೆ ಕೆಲಸ ಮಾಡುವುದಿಲ್ಲ. ಕೊಟೇಶನ್ನಿನಲ್ಲಿ "ಇಷ್ಟು ಪಟ್ಟು ಉಳಿತಾಯ" ಅಂತ ಬರೆದಿದ್ದರೆ ಈ 9 ಟಿಬಿಗೆ ಅದು ಅನ್ವಯಿಸದು.

ನನ್ನ ಸಲಹೆ ಇದು. ನಿಮ್ಮ ಡೇಟಾಬೇಸ್ 700 ಜಿಬಿ. ಎಸ್‌ಎಸ್‌ಡಿ 800 ಜಿಬಿಯ ನಾಲ್ಕು. ರೀಡ್ ಕ್ಯಾಶ್‌ನಿಂದ ಬಿಡಿಸಿ ರೇಡ್ 10 ಮಾಡಿದರೆ 1.6 ಟಿಬಿ. ಡೇಟಾಬೇಸ್ ಪೂರ್ತಿ ಅಲ್ಲಿ ಕೂರುತ್ತದೆ, ಬೆಳೆಯಲು ಜಾಗವೂ ಇದೆ. 400 ಓದು, 440 ಬರಹ ಆ ನಾಲ್ಕಕ್ಕೆ ಲೆಕ್ಕಕ್ಕೇ ಇಲ್ಲ. ಕೈಯಲ್ಲಿರುವ ಫ್ಲ್ಯಾಶ್ ಕಾಯಬಾರದವನಿಗೆ ಹೋಗಲಿ.

ಕ್ಯೂಒಎಸ್ ಮಿತಿ (ಒಂದು ವಾಲ್ಯೂಮ್ ಎಷ್ಟು ಬಳಸಬಹುದು ಎಂಬ ಕಟ್ಟು) ಹಾಕುವಾಗ ಒಂದು ಎಚ್ಚರಿಕೆ. ಬ್ಯಾಕಪ್ಪಿಗೆ "1,000 ಐಒಪಿಎಸ್" (ಸೆಕೆಂಡಿಗೆ ಇಷ್ಟು ಐಒ) ಅಂತ ಮಿತಿ ಹಾಕಿದರೆ ಅದು ಮಿತಿಯೇ ಅಲ್ಲ. 8 ಕೆಬಿಯ 1,000 ಎಂದರೆ ಸೆಕೆಂಡಿಗೆ 8 ಎಂಬಿ. 1 ಎಂಬಿಯ 1,000 ಎಂದರೆ 1,000 ಎಂಬಿ, 10 ಗಿಗಾಬಿಟ್ ಲಿಂಕ್ ಬಹುಪಾಲು ತುಂಬಿತು. ದೊಡ್ಡ ಬ್ಲಾಕಿನ ಕೆಲಸಕ್ಕೆ ಎಂಬಿಯಲ್ಲಿ ಮಿತಿ ಹಾಕಿ, ಸಣ್ಣ ಬ್ಲಾಕಿನದಕ್ಕೆ ಐಒಪಿಎಸ್‌ನಲ್ಲಿ.

ಅಘನಾಶಿನಿ, ಕುಮಟಾ

ಬ್ಯಾಕಪ್ 4 ಟಿಬಿ ಅದೇ ಅರೇ ಮೇಲೆ ಇದೆ ಅಂದಿರಲ್ಲ. ಲೇಟೆನ್ಸಿಗಿಂತ (ತಡಕ್ಕಿಂತ) ನನಗೆ ಅದೇ ಹೆದರಿಕೆ. ಪೂಲ್ ಹೋದರೆ ಡೇಟಾಬೇಸೂ ಹೋಯಿತು, ಬ್ಯಾಕಪ್ಪೂ ಹೋಯಿತು. ದಯವಿಟ್ಟು ಅದನ್ನು ಬೇರೆ ಕಟ್ಟಡಕ್ಕೆ ಸಾಗಿಸಿ. ಸ್ನ್ಯಾಪ್‌ಶಾಟ್ ಕೂಡ ಬ್ಯಾಕಪ್ ಅಲ್ಲ, ಅದು ಅದೇ ಡಿಸ್ಕಿನ ಮೇಲೆ ನಿಂತಿರುತ್ತದೆ.

ಸದಾಶಿವಗಡ, ಕಾರವಾರ

ನಾನು ಇಲ್ಲಿಯ ಒಂದು ಆಸ್ಪತ್ರೆಯ ಸರ್ವರ್ ರೂಮ್ ನೋಡಿಕೊಳ್ಳುತ್ತೇನೆ. ಸಿಟಿ ಸ್ಕ್ಯಾನ್, ಎಕ್ಸ್‌ರೇ ಚಿತ್ರಗಳೆಲ್ಲ ಅರೇ ಮೇಲೆ. ಕರಾವಳಿಯಲ್ಲಿ, ಘಟ್ಟದ ಮೇಲೆ ಮಳೆಗಾಲಕ್ಕೆ ಬೇಕಾದ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಕ್ಯಾಶ್ ಬ್ಯಾಟರಿ. ರೈಟ್ ಕ್ಯಾಶ್ ಸುರಕ್ಷಿತವಾಗಿರುವುದು ಅದರ ಹಿಂದೆ ಬ್ಯಾಟರಿ ಅಥವಾ ಕೆಪ್ಯಾಸಿಟರ್ ಇರುವವರೆಗೆ. ಜೂನ್, ಜುಲೈನಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಬ್ಯಾಟರಿ ಸೋತಿದೆ ಎಂದು ಕಂಡ ಕೂಡಲೇ ಅರೇ ತಾನಾಗಿ ರೈಟ್ ಥ್ರೂಗೆ ಇಳಿಯುತ್ತದೆ. ಬರಹ ಡಿಸ್ಕಿಗೆ ತಲುಪಿದ ಮೇಲೇ ಹೋಸ್ಟಿಗೆ ಉತ್ತರ. ಲೇಟೆನ್ಸಿ ಒಮ್ಮೆಲೇ ಹತ್ತಾರು ಪಟ್ಟು ಏರುತ್ತದೆ. ನಮ್ಮಲ್ಲಿ ರೇಡಿಯಾಲಜಿಯವರು "ಚಿತ್ರ ಕಳಿಸೋಕೆ ಹೊತ್ತು ಹಿಡೀತಾ ಇದೆ" ಎಂದಾಗ ನೆಟ್‌ವರ್ಕ್, ಸಾಫ್ಟ್‌ವೇರ್ ಎಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ಇದೇ. ಅಲರ್ಟ್ ಬಂದಿತ್ತು, ಆದರೆ ಕೆಲಸ ಬಿಟ್ಟು ಹೋದ ಯಾರದೋ ಇಮೇಲಿಗೆ. ಯಾರ್ಡ್‌ಗೇಟ್ ಅವರೇ, ನಿಮ್ಮ ಅಲರ್ಟ್ ಯಾರಿಗೆ ಹೋಗುತ್ತದೆ ಅಂತ ಇವತ್ತೇ ನೋಡಿ.

ಎರಡನೆಯದು ಬಿಡಿ ಡಿಸ್ಕು. ಕಾಂಟ್ರ್ಯಾಕ್ಟಿನಲ್ಲಿ ಮರುದಿನ ತಲುಪಿಸುತ್ತೇವೆ ಅಂತ ಇರುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅರಬೈಲ್ ಘಟ್ಟ, ದೇವಿಮನೆ ಘಟ್ಟ, ಯಾವುದನ್ನೂ ಮಳೆಗಾಲದಲ್ಲಿ ನಂಬಿ ಕೂರುವಂತಿಲ್ಲ. ಅರೇ ಒಳಗಿನ ಎರಡು ಸ್ಪೇರ್ ಬಿಟ್ಟು ಕಪಾಟಿನಲ್ಲೂ ಒಂದೆರಡು ಇರಲಿ. ಕೆಟ್ಟ ಡಿಸ್ಕಿನ ಡೇಟಾವನ್ನು ಹೊಸದರ ಮೇಲೆ ಕಟ್ಟುವ ರೀಬಿಲ್ಡ್ ಹೊತ್ತನ್ನೂ ಲೆಕ್ಕದಲ್ಲಿಡಿ. ಸೆಕೆಂಡಿಗೆ 100 ಎಂಬಿ ಹಿಡಿದರೆ 1.2 ಟಿಬಿ ಡಿಸ್ಕಿಗೆ 12,000 ಸೆಕೆಂಡ್, ಅಂದರೆ 3 ಗಂಟೆ 20 ನಿಮಿಷ. ಹಗಲು ಲೋಡ್ ಇದ್ದರೆ ಅದರ ಎಷ್ಟೋ ಪಟ್ಟು. ಕ್ಯಾಮೆರಾಕ್ಕೆ 16 ಟಿಬಿಯ ದೊಡ್ಡ ಡಿಸ್ಕು ತಂದರೆ ಬಿಡುವಿದ್ದಾಗಲೇ 44 ಗಂಟೆ. ರೀಬಿಲ್ಡ್ ನಡೆಯುವಾಗಲೂ ಟೆಂಡರ್ ನಡೆಯಬೇಕಲ್ಲ. ಅದರ ಆದ್ಯತೆಯನ್ನು ಹಗಲಿಗೆ ಮಧ್ಯಮ, ರಾತ್ರಿಗೆ ಹೆಚ್ಚು ಎಂದು ಇಡಿ.

ಐಸ್ಕಸಿ ಇರುವುದರಿಂದ ಜಂಬೋ ಫ್ರೇಮ್ (ನೆಟ್‌ವರ್ಕಿನ ದೊಡ್ಡ ಪ್ಯಾಕೆಟ್) ಕೂಡ ಒಮ್ಮೆ ಪರೀಕ್ಷಿಸಿ. ಹೋಸ್ಟ್, ಸ್ವಿಚ್, ಅರೇ ಮೂರರಲ್ಲೂ 9,000 ಬೈಟ್ ಇರಬೇಕು. ಹೋಸ್ಟಿನಿಂದ ಅರೇಗೆ 8,972 ಬೈಟಿನ ಪಿಂಗನ್ನು "ತುಂಡು ಮಾಡಬೇಡ" ಎನ್ನುವ ಆಯ್ಕೆ ಹಾಕಿ ಕಳಿಸಿ. ಉತ್ತರ ಬಂದರೆ ದಾರಿ ಸರಿ ಇದೆ.

ಹೊನ್ನಾವರದವ

ಶಿರಸಿ ಅಣ್ಣ, ಇಷ್ಟೆಲ್ಲ ಮಾಡುವಾಗ ಬೆಂಗಳೂರಿಗೆ ಸಿಂಕ್ರೊನಸ್ ರೆಪ್ಲಿಕೇಶನ್ (ಪ್ರತಿ ಬರಹ ಅಲ್ಲೂ ಮುಗಿದ ಮೇಲೇ ಉತ್ತರ) ಕೂಡ ಹಾಕಿಬಿಡಬಹುದಾ? ನಮ್ಮಲ್ಲಿ ಮೇಲಿನವರು ಅದನ್ನೇ ಕೇಳ್ತಾ ಇದ್ದಾರೆ.

ಕಾಳಿದಂಡೆ, ಕಾರವಾರ

ಬೇಡ. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, ಹೋಗಿ ಬರಲು 10. ಶಿರಸಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್ ಅಂತ ಹಿಡಿದರೂ 4 ಮಿಲಿಸೆಕೆಂಡ್. ಇದು ಸ್ವಿಚ್ಚು, ರೂಟರ್ ಲೆಕ್ಕಕ್ಕೆ ಸೇರಿಸದೆ. ಪ್ರತಿ ಬರಹವೂ ಅಷ್ಟು ಕಾಯಬೇಕು. ಎಸ್‌ಎಸ್‌ಡಿಗೆ ಸರಿಸಿ ಗಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ. ಅಸಿಂಕ್ರೊನಸ್ ಹಾಕಿ, ಅದು ಕಾಯದೆ ಆಮೇಲೆ ಕಳಿಸುತ್ತದೆ. ಕೆಲವು ನಿಮಿಷದ ಡೇಟಾ ಹಿಂದೆ ಉಳಿಯಬಹುದು ಎಂದು ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಯಾರ್ಡ್‌ಗೇಟ್, ಶಿರಸಿ

ಎಲ್ಲರಿಗೂ ಧನ್ಯವಾದ. ಕೆಲಸ ಮುಗಿಸಿ, ಒಂದಷ್ಟು ಟೆಂಡರ್ ನೋಡಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಮೆರಾ ವಾಲ್ಯೂಮಿನ ಸ್ನ್ಯಾಪ್‌ಶಾಟ್ ಪಾಲಿಸಿ ತೆಗೆದೆವು. ಇರುವ ಸ್ನ್ಯಾಪ್‌ಶಾಟ್ ಅಳಿಸುವುದೂ ಡಿಸ್ಕಿಗೆ ಹೊರೆಯೇ. ಆದ್ದರಿಂದ ರಾತ್ರಿ ಹೊತ್ತು, ಹಳೆಯದರಿಂದ ಶುರು ಮಾಡಿ ಒಂದೊಂದಾಗಿ ಅಳಿಸಿದೆವು. ಅಷ್ಟಕ್ಕೇ ರೈಟ್ ಕ್ಯಾಶ್ 80ರಿಂದ 35ಕ್ಕೆ ಇಳಿಯಿತು. ಮರುದಿನದ ಟೆಂಡರಿನಲ್ಲಿ ಡೇಟಾಬೇಸ್ 45ರ ಬದಲು 14 ಮಿಲಿಸೆಕೆಂಡಿನಲ್ಲಿತ್ತು. ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಟೆಂಡರ್ ಇಲ್ಲದ ದಿನ ನೋಡಿ, ಬ್ಯಾಕಪ್ ತೆಗೆದು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಿ, ಎಸ್‌ಎಸ್‌ಡಿಗಳನ್ನು ರೇಡ್ 10 ಮಾಡಿ ಡೇಟಾಬೇಸನ್ನು ಅಲ್ಲಿಗೆ ಸರಿಸಿದೆವು. ಈಗ ಟೆಂಡರಿನ ಭರಾಟೆಯಲ್ಲೂ 1.2 ಮಿಲಿಸೆಕೆಂಡ್. ಕೆಎವಿಜಿ ಸೊನ್ನೆ. ಕ್ಯೂ ಡೆಪ್ತ್ 32 ಇದ್ದದ್ದು ಹಾಗೇ ಇದೆ. ಫೈಲ್ ಸರ್ವರನ್ನು, ಕ್ಯಾಮೆರಾವನ್ನು ಕಂಟ್ರೋಲರ್ ಬಿಗೆ ಕೊಟ್ಟೆವು. ಎ 28, ಬಿ 22, ಮೊತ್ತ 50. ಒಂದು ರಾತ್ರಿ ಬೇಕೆಂದೇ ಬಿ ರೀಸ್ಟಾರ್ಟ್ ಮಾಡಿ ನೋಡಿದೆವು. ಎ ಒಂದೇ ಎಲ್ಲವನ್ನೂ ಎಳೆಯಿತು.

ಎಲ್ಲವೂ ಲಾಭವೇ ಅಂತ ಹೇಳಲಾರೆ. ರೀಡ್ ಕ್ಯಾಶ್ ಹೋದದ್ದರಿಂದ ಫೈಲ್ ಸರ್ವರಿನ ಓದು 4 ಮಿಲಿಸೆಕೆಂಡ್ ಇದ್ದದ್ದು 9 ಆಗಿದೆ. ಆಫೀಸಿನವರಿಗೆ ಮೊದಲೇ ಹೇಳಿದ್ದೆ, ಅವರು ಒಪ್ಪಿದ್ದಾರೆ. ತಿಂಗಳ ಕೊನೆಯ ಬಡ್ಡಿ ಲೆಕ್ಕ ಮಾತ್ರ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಆಗ ಸ್ಟೋರೇಜ್ ಬಿಡುವಾಗಿದ್ದು, ಡೇಟಾಬೇಸ್ ಸರ್ವರಿನ ಒಂದು ಕೋರ್ ಪೂರ್ತಿ ಓಡುತ್ತಿರುತ್ತದೆ. ಅದು ಕ್ವೆರಿಯ ಸಮಸ್ಯೆ. ಸಾಫ್ಟ್‌ವೇರಿನವರ ಜೊತೆ ಕೂತು ಇಂಡೆಕ್ಸ್ ನೋಡುತ್ತಿದ್ದೇವೆ.

ಆಡಳಿತ ಮಂಡಳಿಗೆ ಫ್ಲ್ಯಾಶ್ ಪ್ರಸ್ತಾವದ ಬದಲು ಎರಡೇ ಸಾಮಾನು ಬರೆದು ಕೊಟ್ಟೆ. ಕ್ಯಾಮೆರಾಕ್ಕೆ ಬೇರೆ ರೆಕಾರ್ಡರ್, ಕಪಾಟಿಗೆ ಎರಡು ಬಿಡಿ ಡಿಸ್ಕು. ಎರಡಕ್ಕೂ ಮಂಜೂರಾತಿ ಸಿಕ್ಕಿದೆ. ಕೌಂಟರಿನ ಹುಡುಗಿಯರು ಈಗ ಪಟ್ಟಿಯನ್ನು ಸದಸ್ಯರು ಹೆಸರು ಹೇಳುವಷ್ಟರಲ್ಲಿ ಕೈಗೆ ಕೊಡುತ್ತಿದ್ದಾರೆ.

ಯಲ್ಲಾಪುರ_ಹೊಸಬ

ಅಣ್ಣಾ, ಬಹಳ ಖುಷಿಯಾಯಿತು. ಸಾಗಿಸುವ ಮೊದಲು ಎಸ್‌ಎಸ್‌ಡಿ ಪೂಲನ್ನು ಯಾವುದರಿಂದ ಪರೀಕ್ಷೆ ಮಾಡಿದಿರಿ? ಬ್ಯಾಕಪ್ಪಿಗೆ ಮಿತಿ ಎಷ್ಟು ಹಾಕಿದಿರಿ?

ಯಾರ್ಡ್‌ಗೇಟ್, ಶಿರಸಿ

ಪರೀಕ್ಷೆಗೆ ಫಿಯೊ ಎಂಬ ಸಾಫ್ಟ್‌ವೇರ್ ಬಳಸಿದೆ. 8 ಕೆಬಿ ಬ್ಲಾಕ್, ಓದು ಮತ್ತು ಬರಹ ನಮ್ಮದೇ ಅನುಪಾತದಲ್ಲಿ. ಫೈಲಿನ ಗಾತ್ರ ಅರೇ ಕ್ಯಾಶ್‌ಗಿಂತ ಎಷ್ಟೋ ದೊಡ್ಡದಿರಬೇಕು, ಇಲ್ಲದಿದ್ದರೆ ಅಳೆಯುವುದು ಕ್ಯಾಶನ್ನೇ. ಬರೆಯುವ ಡೇಟಾ ಬರೀ ಸೊನ್ನೆ ಆಗದಂತೆ ನೋಡಿಕೊಳ್ಳಿ. ಕಂಪ್ರೆಷನ್ ಇರುವ ಅರೇಯಲ್ಲಿ ಸೊನ್ನೆ ಬರೆದರೆ ಸುಳ್ಳು ಅಂಕಿ ಬರುತ್ತದೆ. ಸರಾಸರಿಯ ಜೊತೆ 99ನೇ ಪರ್ಸೆಂಟೈಲ್ ಲೇಟೆನ್ಸಿಯನ್ನೂ (ನೂರರಲ್ಲಿ 99 ಐಒ ಅದರೊಳಗೆ ಮುಗಿಯುವ ಹೊತ್ತು) ಬರೆದಿಡಿ.

ಬ್ಯಾಕಪ್ ಈಗ ಪಕ್ಕದ ಕಟ್ಟಡದ ಹಳೆ ಸರ್ವರಿಗೆ ಹೋಗುತ್ತದೆ. ಮಿತಿ ಸೆಕೆಂಡಿಗೆ 120 ಎಂಬಿ. 700 ಜಿಬಿಗೆ ಸುಮಾರು 5,800 ಸೆಕೆಂಡ್ ಬೇಕು, ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ರಾತ್ರಿ 11ಕ್ಕೆ ಶುರುವಾಗಿ 1ರ ಒಳಗೆ ಮುಗಿಯುತ್ತದೆ. ಫೈಲ್ ಸರ್ವರಿನದು ಅದರ ನಂತರ, ಬದಲಾದ ಫೈಲುಗಳು ಮಾತ್ರ.